ತೆರೆದ ರಕ್ತನಾಳ ತೆರೆದೇ ಇರಲು

ಕುಟುಂಬ ಆರೋಗ್ಯ



ಹೃದಯದ ರಕ್ತನಾಳದೊಳಗಿನ ಅಡಚಣೆಯನ್ನು ಬಲೂನಿನಿಂದ ಅಗಲಿಸಿ, ಆ ಜಾಗದಲ್ಲಿ ಜಾಳಿಗೆಯಂಥ ಸಣ್ಣ ಲೋಹದ ಕೊಳವೆಯನ್ನು ಕೂಡಿಸುವ ಚಿಕಿತ್ಸೆಗೆ ಆಂಜಿಯೋಪ್ಲಾಸ್ಟಿ ಎಂದು ಹೆಸರು. ಆ ಕೊಳವೆಯೇ ಸ್ಟೆಂಟ್. ಜನ ಇದನ್ನು 'ರಿಂಗ್ ಹಾಕಿಸುವುದು' ಎನ್ನುತ್ತಾರೆ. ಇಂಥ ಚಿಕಿತ್ಸೆ ಆದವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಆದರೆ ರಿಂಗ್ ಹಾಕಿಸಿದ ಮೇಲೆ ಮುಂದೇನು ಎಂಬುದು ಎಷ್ಟೋ ಮನೆಗಳಲ್ಲಿ ಸ್ಪಷ್ಟವಿರುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ಡಾಕ್ಟರರು ಹೇಳಿದ್ದು ಅರ್ಧ ಕೇಳಿಸಿರುತ್ತದೆ, ಅರ್ಧ ಮರೆತಿರುತ್ತದೆ.

ವಳಸಂಗದಿಂದ ಶ್ರಾವಿಕೆಯೊಬ್ಬರು ಬರೆದ ಪತ್ರ ಇದಕ್ಕೆ ಸಾಕ್ಷಿ. ಅದರ ಸಾರಾಂಶ ಹೀಗಿದೆ: "ನಮ್ಮ ಮಾವನವರಿಗೆ 64 ವರ್ಷ. ಸಕ್ಕರೆ ಕಾಯಿಲೆ ಇದೆ. ಎರಡು ತಿಂಗಳ ಹಿಂದೆ ಎದೆನೋವು ಬಂದು ಸೊಲ್ಲಾಪುರಕ್ಕೆ ಒಯ್ದೆವು. ಎರಡು ರಿಂಗ್ ಹಾಕಿದರು. ಈಗ ಮಾವನವರು 'ದಾರಿ ಒಡದು ಕೊಟ್ಟಾರ, ಇನ್ನ ಇಷ್ಟು ಗುಳಿಗಿ ಯಾಕ ಬೇಕು' ಎನ್ನುತ್ತಾರೆ. ಮುಂದೆ ದಶಲಕ್ಷಣ ಪರ್ವ ಬರುತ್ತದೆ. ಪ್ರತಿ ವರ್ಷದಂತೆ ಹತ್ತೂ ದಿನ ಉಪವಾಸ ಮಾಡುತ್ತೇನೆ, ಆ ದಿನಗಳಲ್ಲಿ ಗುಳಿಗೆ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಒಂದು ಹಲ್ಲನ್ನೂ ಕೀಳಿಸಬೇಕಾಗಿದೆ. ಮೆಟ್ಟಿಲು ಏರಿದರೆ ದಮ್ಮು ಹತ್ತುತ್ತದೆ. ನಾವು ಹೇಳಿದರೆ ಕೇಳುವುದಿಲ್ಲ. ನೀವು ಪತ್ರಿಕೆಯಲ್ಲಿ ಬರೆದರೆ ಓದುತ್ತಾರೆ."

ಮೊದಲು ಉತ್ತರ ಹೇಳಿಬಿಡುತ್ತೇನೆ. ಹೆಪ್ಪು ತಡೆಯುವ ಗುಳಿಗೆಗಳನ್ನು ಒಂದು ದಿನವೂ ತಪ್ಪಿಸಬಾರದು, ಉಪವಾಸದ ದಿನವೂ ತಪ್ಪಿಸಬಾರದು. ಹತ್ತು ದಿನದ ಉಪವಾಸ ಈ ವರ್ಷ ಬೇಡ. ಹಲ್ಲಿನ ಡಾಕ್ಟರರು ಹೃದಯದ ಡಾಕ್ಟರರನ್ನು ಕೇಳದೆ ಯಾವ ಗುಳಿಗೆಯನ್ನೂ ನಿಲ್ಲಿಸಬಾರದು. ದಮ್ಮು ಹತ್ತುವುದನ್ನು ಈ ವಾರವೇ ಡಾಕ್ಟರರಿಗೆ ತೋರಿಸಬೇಕು. ಕಾರಣ ತಿಳಿಯದೆ ಹಿರಿಯರು ಮಾತು ಒಪ್ಪುವುದಿಲ್ಲ. ಒಪ್ಪಲೂ ಬಾರದು. ಆದ್ದರಿಂದ ಕಾರಣಗಳನ್ನು ನೋಡೋಣ.

ಹೃದಯಕ್ಕೆ ರಕ್ತ ಹೇಗೆ ಸಿಗುತ್ತದೆ?

ಹೃದಯದ ತೂಕ ಸುಮಾರು 300 ಗ್ರಾಂ, ಅಂದರೆ ದೇಹದ ತೂಕದ ಇನ್ನೂರನೆಯ ಒಂದು ಪಾಲು. ಆದರೆ ಸುಮ್ಮನೆ ಕುಳಿತಾಗಲೂ ಅದು ದೇಹಕ್ಕೆಲ್ಲ ಹರಿಸುವ ರಕ್ತದ ಇಪ್ಪತ್ತನೆಯ ಒಂದು ಪಾಲನ್ನು, ಅಂದರೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರನ್ನು ತನಗಾಗಿ ಬಳಸಿಕೊಳ್ಳುತ್ತದೆ. ಈ ರಕ್ತವನ್ನು ತರುವವು ಹೃದಯದ ಮೇಲೆ ಕಿರೀಟದಂತೆ ಹರಡಿರುವ ಕೊರೋನರಿ ರಕ್ತನಾಳಗಳು.

ಕೈಕಾಲಿನ ಸ್ನಾಯುಗಳು ವಿಶ್ರಾಂತಿಯಲ್ಲಿದ್ದಾಗ ತಮಗೆ ಬಂದ ರಕ್ತದಿಂದ ನಾಲ್ಕನೆಯ ಒಂದು ಪಾಲು ಆಮ್ಲಜನಕವನ್ನಷ್ಟೇ ತೆಗೆದುಕೊಳ್ಳುತ್ತವೆ. ಹೆಚ್ಚಿನ ದುಡಿಮೆ ಬಂದಾಗ ಉಳಿದದ್ದರಿಂದ ತೆಗೆದುಕೊಳ್ಳಬಹುದು. ಹೃದಯದ ಸ್ನಾಯುವಿಗೆ ಆ ಅನುಕೂಲವಿಲ್ಲ. ವಿಶ್ರಾಂತಿಯಲ್ಲೇ ಅದು ರಕ್ತದಲ್ಲಿನ ಆಮ್ಲಜನಕದ ನೂರಕ್ಕೆ 70ರಷ್ಟನ್ನು ಹೀರಿಬಿಟ್ಟಿರುತ್ತದೆ. ಮೆಟ್ಟಿಲು ಏರುವಾಗ, ಬಸ್ಸಿಗಾಗಿ ಓಡುವಾಗ ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾದರೆ ಹೆಚ್ಚು ರಕ್ತವೇ ಹರಿದು ಬರಬೇಕು. ಆರೋಗ್ಯವಂತರಲ್ಲಿ ಈ ಹರಿವು ನಾಲ್ಕೈದು ಪಟ್ಟು ಏರಬಲ್ಲದು. ನಾಳ ಕಿರಿದಾದವರಲ್ಲಿ ಏರಲಾರದು. ಕುಳಿತಾಗ ಇಲ್ಲದ ಎದೆನೋವು ನಡೆದಾಗ ಬರುವುದು ಇದೇ ಕಾರಣದಿಂದ.

ನಾಳದ ಅಗಲಕ್ಕೂ ಹರಿವಿಗೂ ಇರುವ ಸಂಬಂಧ ನಾವು ಊಹಿಸುವುದಕ್ಕಿಂತ ಬಹಳ ಬಿಗಿಯಾದದ್ದು. ಫ್ರಾನ್ಸಿನ ವೈದ್ಯ ಪೋಯಿಸೆಯ್ 1840ರ ಸುಮಾರಿಗೆ ಸಣ್ಣ ಕೊಳವೆಗಳಲ್ಲಿ ನೀರು ಹರಿಸಿ ಇದನ್ನು ಲೆಕ್ಕ ಹಾಕಿದರು. ಉಳಿದೆಲ್ಲ ಹಾಗೆಯೇ ಇದ್ದು ಕೊಳವೆಯ ಅಗಲ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಹೃದಯದ ನಾಳವೇನೂ ಗಾಜಿನ ಕೊಳವೆಯಲ್ಲ, ಅದರ ಕೆಳಗಿನ ಕಿರುನಾಳಗಳು ಹಿಗ್ಗಿ ಬಹಳ ಕಾಲ ಕೊರತೆಯನ್ನು ತುಂಬಿಕೊಡುತ್ತವೆ. ಆದರೂ ಮೂರು ಮಿಲಿಮೀಟರಿನ ನಾಳದಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಬಲೂನಿನಿಂದ ಸ್ಟೆಂಟ್‌ವರೆಗೆ

1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಎಚ್ಚರವಾಗಿದ್ದ ರೋಗಿಯ ಹೃದಯದ ನಾಳವನ್ನು ಮೊದಲ ಬಾರಿಗೆ ಬಲೂನಿನಿಂದ ಅಗಲಿಸಿದರು. ಹತ್ತು ವರ್ಷಗಳ ನಂತರ ನೋಡಿದಾಗಲೂ ಆ ನಾಳ ತೆರೆದೇ ಇತ್ತು. ಎಲ್ಲರಿಗೂ ಇಂಥ ಅದೃಷ್ಟವಿರಲಿಲ್ಲ. ಬಲೂನು ಹೊರತೆಗೆದ ಮೇಲೆ ನಾಳ ರಬ್ಬರಿನಂತೆ ಮತ್ತೆ ಕುಗ್ಗುತ್ತಿತ್ತು, ಅಥವಾ ಗಾಯದ ಮೇಲೆ ಮಾಂಸ ಬೆಳೆದು ಆರು ತಿಂಗಳೊಳಗೆ ಮತ್ತೆ ಕಿರಿದಾಗುತ್ತಿತ್ತು. ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತಿತ್ತು.

ಕುಗ್ಗುವುದನ್ನು ತಡೆಯಲು 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯರು ಲೋಹದ ಸ್ಟೆಂಟ್ ಕೂಡಿಸಿದರು. ಮಾಂಸ ಬೆಳೆಯುವುದನ್ನು ತಡೆಯಲು 2002-03ರಿಂದ ಔಷಧ ಲೇಪಿಸಿದ ಸ್ಟೆಂಟ್‌ಗಳು ಬಳಕೆಗೆ ಬಂದವು. ನಾಳ ಮತ್ತೆ ಕಿರಿದಾಗುವುದು ಇದರಿಂದ ಬಹಳ ಕಡಿಮೆಯಾಯಿತು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಮಾಂಸ ಬೆಳೆಯದಂತೆ ತಡೆಯುವ ಆ ಔಷಧವೇ ಲೋಹದ ಮೇಲೆ ನಾಳದ ಒಳಪೊರೆ ಹರಡುವುದನ್ನೂ ನಿಧಾನಗೊಳಿಸುತ್ತದೆ. ಪೊರೆ ಮುಚ್ಚುವ ತನಕ ರಕ್ತಕ್ಕೆ ಆ ಲೋಹ ಬರಿದಾಗಿ ಕಾಣುತ್ತದೆ. ರಕ್ತದಲ್ಲಿನ ಪ್ಲೇಟ್‌ಲೆಟ್ ಕಣಗಳು ಅದನ್ನು ಗಾಯವೆಂದೇ ತಿಳಿದು ಅಂಟಿಕೊಳ್ಳುತ್ತವೆ, ಹೆಪ್ಪು ಕಟ್ಟುತ್ತವೆ. ಆಗ ನಾಳ ಸ್ವಲ್ಪಸ್ವಲ್ಪವಾಗಿ ಕಿರಿದಾಗುವುದಲ್ಲ, ಕೆಲವೇ ನಿಮಿಷಗಳಲ್ಲಿ ಪೂರ್ತಿ ಮುಚ್ಚಿಹೋಗಬಹುದು.

ಇದನ್ನು ತಡೆಯುವುದಕ್ಕಾಗಿಯೇ ಎರಡು ಗುಳಿಗೆಗಳನ್ನು ಒಟ್ಟಿಗೆ ಕೊಡುತ್ತಾರೆ. ಒಂದು ಆಸ್ಪಿರಿನ್. ಇನ್ನೊಂದು ಕ್ಲೋಪಿಡೋಗ್ರೆಲ್, ಪ್ರಸುಗ್ರೆಲ್ ಅಥವಾ ಟಿಕಾಗ್ರೆಲಾರ್. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದವರಿಗೆ ಸಾಮಾನ್ಯವಾಗಿ ಒಂದು ವರ್ಷ, ಹೃದಯಾಘಾತವಿಲ್ಲದೆ ಹಾಕಿಸಿದವರಿಗೆ ಸಾಮಾನ್ಯವಾಗಿ ಆರು ತಿಂಗಳು ಎರಡನ್ನೂ ಕೊಡುತ್ತಾರೆ. ನಂತರ ಒಂದನ್ನು ಮುಂದುವರಿಸುತ್ತಾರೆ. ರಕ್ತಸ್ರಾವದ ಭಯವಿದ್ದವರಲ್ಲಿ ಡಾಕ್ಟರರು ಅವಧಿಯನ್ನು ಕಡಿಮೆ ಮಾಡುವುದೂ ಉಂಟು. ಅದು ಅವರು ತೂಗಿ ನೋಡಿ ಮಾಡುವ ನಿರ್ಣಯ, ನಾವು ಮಾಡುವುದಲ್ಲ.

ಗುಳಿಗೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಲೆಕ್ಕವೂ ಇದೆ. ಇಟಲಿ ಮತ್ತು ಜರ್ಮನಿಯ ವೈದ್ಯರು ಔಷಧ ಲೇಪಿತ ಸ್ಟೆಂಟ್ ಹಾಕಿಸಿಕೊಂಡ 2229 ರೋಗಿಗಳನ್ನು ಒಂಬತ್ತು ತಿಂಗಳು ಗಮನಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದ್ದು 29 ಮಂದಿಗೆ ಮಾತ್ರ. ಆದರೆ ಆ 29ರಲ್ಲಿ 13 ಮಂದಿ ತೀರಿಕೊಂಡರು. ಹೆಪ್ಪುಗಟ್ಟಲು ಕಂಡುಬಂದ ಎಲ್ಲಕ್ಕಿಂತ ಪ್ರಬಲ ಕಾರಣ ಹೆಪ್ಪು ತಡೆಯುವ ಗುಳಿಗೆಯನ್ನು ಅವಧಿಗೆ ಮುಂಚೆ ನಿಲ್ಲಿಸಿದ್ದು. ಇಂದಿನ ಸ್ಟೆಂಟ್‌ಗಳು ಆಗಿನವುಗಳಿಗಿಂತ ಸುಧಾರಿಸಿವೆ, ಅಪಾಯ ಇಳಿದಿದೆ. ಕಾರಣ ಮಾತ್ರ ಬದಲಾಗಿಲ್ಲ.

ದೊಡ್ಡ ಪೈಪು ಸರಿಯಿದ್ದರೆ ಸಾಲದು

ಇನ್ನು ದಮ್ಮಿನ ಪ್ರಶ್ನೆ. ರಿಂಗ್ ಹಾಕಿ ದಾರಿ ತೆರೆದ ಮೇಲೂ ದಮ್ಮು ಏಕೆ?

ಸೊಲ್ಲಾಪುರದವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಭೀಮಾ ನದಿಯ ಉಜನಿ ಜಲಾಶಯದಿಂದ ನಗರಕ್ಕೆ ದೊಡ್ಡ ಪೈಪಿನಲ್ಲಿ ನೀರು ಬರುತ್ತದೆ. ಆ ಪೈಪು ತುಂಬಿ ಹರಿದ ಮಾತ್ರಕ್ಕೆ ಓಣಿಯ ಕೊನೆಯ ಮನೆಯ ನಲ್ಲಿಗೆ ನೀರು ಬಂತೆಂದು ಅರ್ಥವಲ್ಲ. ನಡುವಿನ ಸಣ್ಣ ಪೈಪುಗಳಲ್ಲಿ ಕೆಸರು ಕಟ್ಟಿದ್ದರೆ ಕೊಡ ಬರಿದಾಗಿಯೇ ಉಳಿಯುತ್ತದೆ. ಹೃದಯದಲ್ಲಿಯೂ ಹೀಗೆಯೇ. ಆಂಜಿಯೋಗ್ರಾಫಿಯ ಚಿತ್ರದಲ್ಲಿ ಕಾಣುವವು ದೊಡ್ಡ ನಾಳಗಳು ಮಾತ್ರ. ಅವುಗಳಿಂದ ಕವಲೊಡೆಯುವ, ಕೂದಲೆಳೆಗಿಂತ ಸೂಕ್ಷ್ಮವಾದ ಸಾವಿರಾರು ಕಿರುನಾಳಗಳೇ ಸ್ನಾಯುವಿಗೆ ರಕ್ತ ಮುಟ್ಟಿಸುವವು.

ಹೃದಯಾಘಾತದ ವೇಳೆ ನಾಳ ತೆರೆದಾಗ ಹೆಪ್ಪಿನ ಚೂರುಗಳು ಮುಂದಕ್ಕೆ ಹೋಗಿ ಈ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ರಕ್ತವಿಲ್ಲದೆ ನರಳಿದ ಸ್ನಾಯು ಬಾತುಕೊಂಡು ಅವನ್ನು ಹೊರಗಿನಿಂದ ಅಮುಕಬಹುದು. ಹೀಗಾದಾಗ ದೊಡ್ಡ ನಾಳ ಪೂರ್ತಿ ತೆರೆದಿದ್ದರೂ ರಕ್ತ ಮುಂದೆ ಸಾಗುವುದಿಲ್ಲ. ತಡವಾಗಿ ಆಸ್ಪತ್ರೆ ಸೇರಿದವರಲ್ಲಿ, ಹೆಪ್ಪು ದೊಡ್ಡದಿದ್ದವರಲ್ಲಿ, ರಕ್ತದಲ್ಲಿ ಸಕ್ಕರೆ ಬಹಳ ಏರಿದ್ದವರಲ್ಲಿ ಇದು ಹೆಚ್ಚು.

ನಿಮ್ಮ ಮನೆಯಲ್ಲಿರುವ ಡಿಸ್ಚಾರ್ಜ್ ಕಾರ್ಡನ್ನು ತೆಗೆದು ನೋಡಿ. ಅದರಲ್ಲಿ 'ಟಿಮಿ ಫ್ಲೋ' ಎಂದು ಬರೆದು ಮುಂದೆ ಒಂದು ಅಂಕಿ ಇರಬಹುದು. ನಾಳ ತೆರೆದ ಮೇಲೆ ರಕ್ತ ಎಷ್ಟು ಚೆನ್ನಾಗಿ ಹರಿಯಿತೆಂಬುದಕ್ಕೆ ವೈದ್ಯರು ಕೊಡುವ ಅಂಕ ಅದು. ಸೊನ್ನೆ ಎಂದರೆ ಹರಿವೇ ಇಲ್ಲ. 1 ಎಂದರೆ ಅಡಚಣೆಯನ್ನು ದಾಟಿ ಸ್ವಲ್ಪ ಜಿನುಗುತ್ತದೆ, ಕೊನೆ ಮುಟ್ಟುವುದಿಲ್ಲ. 2 ಎಂದರೆ ಕೊನೆ ಮುಟ್ಟುತ್ತದೆ, ಆದರೆ ನಿಧಾನ. 3 ಎಂದರೆ ಸಹಜ ಹರಿವು. 3 ಇದ್ದರೆ ಒಳ್ಳೆಯ ಮಾತು. 2 ಅಥವಾ ಕಡಿಮೆ ಇದ್ದರೆ ಮುಂದಿನ ತಪಾಸಣೆಯಲ್ಲಿ ಡಾಕ್ಟರರೊಡನೆ ಅದರ ವಿಷಯ ಮಾತಾಡಿ.

ಪತ್ರ ಬರೆದ ಸಹೋದರಿಯ ಮಾವನವರ ದಮ್ಮಿಗೆ ಮೂರು ಸಾಮಾನ್ಯ ಕಾರಣಗಳಿರಬಹುದು. ಒಂದು, ಹೃದಯಾಘಾತದಲ್ಲಿ ಸ್ನಾಯು ದುರ್ಬಲವಾಗಿರುವುದು. ಇದು ಎಕೋ ಪರೀಕ್ಷೆಯಲ್ಲಿ ತಿಳಿಯುತ್ತದೆ. ಎರಡು, ಸ್ಟೆಂಟ್ ಹಾಕಿದ ನಾಳದಲ್ಲಿ ಅಥವಾ ಬೇರೆ ನಾಳದಲ್ಲಿ ಅಡಚಣೆ ಇರುವುದು. ಮೂರನೆಯದು ಬಹಳ ಜನರಿಗೆ ಗೊತ್ತಿಲ್ಲ. ಟಿಕಾಗ್ರೆಲಾರ್ ಗುಳಿಗೆಯೇ ಕೆಲವರಲ್ಲಿ ಉಸಿರು ಸಾಲದಂಥ ಅನುಭವ ಕೊಡುತ್ತದೆ. ಹಾಗೆಂದು ಅದನ್ನು ತಾವೇ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ. ಡಾಕ್ಟರರಿಗೆ ಹೇಳಿದರೆ ಬದಲಿ ಗುಳಿಗೆ ಕೊಡಬಲ್ಲರು.

ಚೀಟಿಯಲ್ಲಿರುವ ಪ್ರತಿ ಗುಳಿಗೆಗೂ ಒಂದು ಕೆಲಸ

'ಇಷ್ಟು ಗುಳಿಗೆ ಯಾಕೆ' ಎಂಬ ಹಿರಿಯರ ಪ್ರಶ್ನೆ ತಪ್ಪೇನಲ್ಲ. ಹೃದಯದ ರಕ್ತದ ಹರಿವಿಗೆ ಅನೇಕ ಕಡೆಯಿಂದ ತೊಂದರೆ ಬರಬಹುದು. ಒಂದೊಂದು ಗುಳಿಗೆ ಒಂದೊಂದು ಕಡೆಯನ್ನು ಕಾಯುತ್ತದೆ.

ಆಸ್ಪಿರಿನ್ ಮತ್ತು ಅದರ ಜೊತೆಗಾರ ಗುಳಿಗೆ ಹೆಪ್ಪು ಕಟ್ಟದಂತೆ ಕಾಯುತ್ತವೆ. ಇದನ್ನು ಆಗಲೇ ನೋಡಿದೆವು.

ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸುತ್ತದೆ. ಸ್ಟೆಂಟ್ ಕೂಡಿಸಿದ್ದು ನಾಳದ ಎರಡು ಮೂರು ಸೆಂಟಿಮೀಟರಿನಷ್ಟು ಜಾಗದಲ್ಲಿ ಮಾತ್ರ. ಉಳಿದ ನಾಳವೆಲ್ಲ ಮೊದಲಿನದೇ, ಅದರ ಗೋಡೆಯಲ್ಲಿ ಕೊಬ್ಬು ಕೂಡುವ ಗುಣವೂ ಮೊದಲಿನದೇ. ಸ್ಟೆಂಟ್ ಇದ್ದವರಲ್ಲಿ ಎಲ್‌ಡಿಎಲ್ ಎಂಬ ಈ ಕೊಲೆಸ್ಟ್ರಾಲ್ 70ಕ್ಕಿಂತ ಕೆಳಗಿರಬೇಕು, ಸಾಧ್ಯವಾದರೆ 55ಕ್ಕಿಂತ ಕೆಳಗೆ ಎಂದು ತಜ್ಞರು ಹೇಳುತ್ತಾರೆ. 'ರಿಪೋರ್ಟು ನಾರ್ಮಲ್ ಬಂತು, ಗುಳಿಗೆ ಬಿಟ್ಟೆ' ಎನ್ನುವವರಿದ್ದಾರೆ. ನಾರ್ಮಲ್ ಬಂದದ್ದೇ ಗುಳಿಗೆಯಿಂದ.

ಮೆಟೋಪ್ರೊಲಾಲ್‌ನಂಥ ಗುಳಿಗೆ ನಾಡಿಯ ವೇಗವನ್ನು ಇಳಿಸುತ್ತದೆ. ಇದರ ಹಿಂದೆ ಹೃದಯದ್ದೇ ಒಂದು ವಿಶೇಷವಿದೆ. ದೇಹದ ಬೇರೆ ಅಂಗಗಳಿಗೆ ರಕ್ತ ರಭಸದಿಂದ ಹೋಗುವುದು ಹೃದಯ ಸಂಕುಚಿಸಿದಾಗ. ಹೃದಯದ ಎಡಭಾಗದ ಸ್ನಾಯುವಿಗೆ ಮಾತ್ರ ರಕ್ತ ಹೆಚ್ಚಾಗಿ ಸಿಗುವುದು ಹೃದಯ ಸಡಿಲಗೊಂಡ ಕ್ಷಣದಲ್ಲಿ. ಸಂಕುಚಿಸುವಾಗ ಅದು ತನ್ನ ನಾಳಗಳನ್ನು ತಾನೇ ಹಿಂಡಿಕೊಂಡಿರುತ್ತದೆ. ನಾಡಿ ವೇಗವಾದಷ್ಟೂ ಸಡಿಲಗೊಳ್ಳುವ ಕಾಲ ಕಡಿಮೆಯಾಗುತ್ತದೆ, ಅಂದರೆ ಹೃದಯಕ್ಕೆ ಊಟದ ಹೊತ್ತು ಕಡಿಮೆಯಾಗುತ್ತದೆ. ಸಿಟ್ಟು, ಚಿಂತೆ, ನಿದ್ದೆಗೇಡು, ಜ್ವರ ಇವೆಲ್ಲ ನಾಡಿಯನ್ನು ಓಡಿಸುವಂಥವು. ಕ್ಷಮೆ, ಶಾಂತಿ, ಸಾಮಾಯಿಕ ಇವು ಆತ್ಮಕ್ಕೆ ಹಿತವೆಂದು ಬಲ್ಲ ನಮಗೆ ಹೃದಯಕ್ಕೂ ಹಿತವೆಂದು ಬೇರೆ ಹೇಳಬೇಕಾಗಿಲ್ಲ.

ರಾಮಿಪ್ರಿಲ್‌ನಂಥ ಗುಳಿಗೆ ಬಿ.ಪಿ.ಯನ್ನು ಹಿಡಿತದಲ್ಲಿಟ್ಟು, ದುರ್ಬಲಗೊಂಡ ಹೃದಯ ಹಿಗ್ಗದಂತೆ ನೋಡಿಕೊಳ್ಳುತ್ತದೆ. ಬಿ.ಪಿ. ಬಹಳ ಏರಿದರೂ ಕೆಡುಕು, ಬಹಳ ಇಳಿದರೂ ಕೆಡುಕು. ಇಳಿದರೆ ಕೊರೋನರಿ ನಾಳಕ್ಕೆ ರಕ್ತವನ್ನು ತಳ್ಳುವ ಒತ್ತಡವೇ ಇರುವುದಿಲ್ಲ.

ಸಕ್ಕರೆ ಕಾಯಿಲೆಯ ಔಷಧ ಕಿರುನಾಳಗಳನ್ನು ಕಾಯುತ್ತದೆ. ಸಕ್ಕರೆ ಹಿಡಿತದಲ್ಲಿಲ್ಲದವರಲ್ಲಿ ಸ್ಟೆಂಟ್ ಒಳಗೆ ಮತ್ತೆ ಮಾಂಸ ಬೆಳೆಯುವ ಸಂಭವವೂ ಹೆಚ್ಚು.

ಹೊಟ್ಟೆಗೆ ಕೊಡುವ ಪ್ಯಾಂಟೊಪ್ರಜೋಲ್ ಆಸ್ಪಿರಿನ್‌ನಿಂದ ಹುಣ್ಣಾಗಿ ರಕ್ತ ಸೋರದಂತೆ ತಡೆಯುತ್ತದೆ. ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು ಅಂಗಡಿಯಿಂದ ಓಮಿಪ್ರಜೋಲ್ ತಂದು ನುಂಗಬಾರದು. ಅದು ಕ್ಲೋಪಿಡೋಗ್ರೆಲ್‌ನ ಬಲವನ್ನು ಕುಗ್ಗಿಸುತ್ತದೆ. ಮೊಣಕಾಲು ನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ತರುವುದೂ ಬೇಡ. ಮಲ ಡಾಂಬರಿನಂತೆ ಕಪ್ಪಗಾದರೆ ತಡಮಾಡದೆ ಡಾಕ್ಟರರಲ್ಲಿಗೆ ಹೋಗಬೇಕು.

ನಮ್ಮವರಲ್ಲಿ ಕೆಲವರು ಗುಳಿಗೆ ಬಿಡುವುದಕ್ಕೆ ಇನ್ನೊಂದು ಕಾರಣವಿದೆ. ಕ್ಯಾಪ್ಸೂಲಿನ ಹೊರಚಿಪ್ಪು ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್‌ನಿಂದ ಆದದ್ದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮೂರನ್ನೂ ಸೇರಿಸಿದ ಕ್ಯಾಪ್ಸೂಲುಗಳು ನಮ್ಮಲ್ಲಿ ಬಳಕೆಯಲ್ಲಿವೆ. ಇದನ್ನು ತಿಳಿದು ಮನಸ್ಸಿಗೆ ಒಗ್ಗದೆ ಹೇಳದೆ ಕೇಳದೆ ಬಿಟ್ಟುಬಿಡುವವರಿದ್ದಾರೆ. ಬಿಡಬೇಕಾಗಿಲ್ಲ. ಈ ಮೂರೂ ಔಷಧಗಳು ಬೇರೆಬೇರೆ ಗುಳಿಗೆಗಳಾಗಿ ಸಿಗುತ್ತವೆ. 'ನಾವು ಜೈನರು, ಕ್ಯಾಪ್ಸೂಲಿನ ಬದಲು ಗುಳಿಗೆ ಬರೆದು ಕೊಡಿ' ಎಂದು ಡಾಕ್ಟರರಿಗೆ ಹೇಳಲು ಸಂಕೋಚ ಬೇಡ. ಬದಲಿ ಕೈಗೆ ಬರುವ ತನಕ ಇದ್ದದ್ದನ್ನು ನಿಲ್ಲಿಸಬೇಡಿ.

ಪರ್ವದ ದಿನಗಳಲ್ಲಿ ಏನು ಮಾಡಬೇಕು?

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ಹತ್ತು ದಿನಗಳನ್ನು ಜೀವಮಾನವಿಡೀ ಉಪವಾಸದಿಂದ ಕಳೆದ ಹಿರಿಯರಿಗೆ 'ಈ ವರ್ಷ ಬೇಡ' ಎನ್ನುವುದು ಸುಲಭವಲ್ಲ. ಅವರ ಮನಸ್ಸು ನೋಯುತ್ತದೆ. ಆದರೆ ದೇಹದೊಳಗೆ ನಡೆಯುವುದನ್ನೂ ನೋಡಬೇಕು.

ನೀರಿಲ್ಲದ ಉಪವಾಸದಲ್ಲಿ ರಕ್ತದಲ್ಲಿನ ನೀರಿನಂಶ ಇಳಿದು ರಕ್ತ ಗಟ್ಟಿಯಾಗುತ್ತದೆ. ಗಟ್ಟಿಯಾದ ರಕ್ತ ಕಿರುನಾಳಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಬಿ.ಪಿ. ಇಳಿಯುತ್ತದೆ, ಅದನ್ನು ಸರಿದೂಗಿಸಲು ನಾಡಿ ಓಡುತ್ತದೆ. ರಕ್ತ ಗಟ್ಟಿ, ಒತ್ತಡ ಕಡಿಮೆ, ನಾಡಿ ವೇಗ: ಹೃದಯದ ಹರಿವಿಗೆ ವಿರುದ್ಧವಾದ ಮೂರೂ ಒಟ್ಟಿಗೆ ಬಂದಂತಾಯಿತು. ಇದರ ಮೇಲೆ ಹೆಪ್ಪು ತಡೆಯುವ ಗುಳಿಗೆಯನ್ನೂ ಬಿಟ್ಟರೆ ಎರಡು ತಿಂಗಳ ಹಿಂದಿನ ಸ್ಟೆಂಟ್ ಗತಿ ಏನು? ಸಕ್ಕರೆ ಕಾಯಿಲೆಯವರು ಉಪವಾಸವಿದ್ದು ಗ್ಲಿಮಿಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅತಿಯಾಗಿ ಇಳಿದು ಎಚ್ಚರ ತಪ್ಪುವ ಭಯವೂ ಇದೆ.

ತಪಸ್ಸು ಎಂದರೆ ಅನಶನ ಒಂದೇ ಅಲ್ಲವೆಂಬುದು ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಷೋಡಶ ಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಆರು ಬಾಹ್ಯ ತಪಸ್ಸುಗಳಲ್ಲಿ ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವಿದೆ, ಉಪ್ಪು, ತುಪ್ಪ, ಎಣ್ಣೆ, ಸಕ್ಕರೆ ಮುಂತಾದವುಗಳನ್ನು ಬಿಡುವ ರಸಪರಿತ್ಯಾಗವಿದೆ. ರಿಂಗ್ ಹಾಕಿಸಿಕೊಂಡವರಿಗೆ ಇವೆರಡಕ್ಕಿಂತ ಒಪ್ಪುವ ತಪಸ್ಸು ಬೇರೆ ಇಲ್ಲ. ಒಂದು ದಿನ ತುಪ್ಪ, ಒಂದು ದಿನ ಎಣ್ಣೆ, ಒಂದು ದಿನ ಸಿಹಿ ಬಿಡಬಹುದು. ಉಪ್ಪನ್ನು ಪೂರ್ತಿ ಬಿಡುವ ಮುನ್ನ ಡಾಕ್ಟರರನ್ನು ಕೇಳಬೇಕು. ಸ್ವಾಧ್ಯಾಯಕ್ಕೂ ಧ್ಯಾನಕ್ಕೂ ಯಾವ ಅಡ್ಡಿಯೂ ಇಲ್ಲ.

ಏಕಭುಕ್ತ ಮಾಡಲೇಬೇಕೆನ್ನುವವರು ಮೊದಲೇ ಡಾಕ್ಟರರಿಗೆ ತಿಳಿಸಿ ಗುಳಿಗೆಗಳ ಹೊತ್ತನ್ನೂ ಸಕ್ಕರೆಯ ಔಷಧದ ಪ್ರಮಾಣವನ್ನೂ ಹೊಂದಿಸಿಕೊಳ್ಳಬೇಕು. ಕ್ಲೋಪಿಡೋಗ್ರೆಲ್, ಆಸ್ಪಿರಿನ್ ದಿನಕ್ಕೆ ಒಂದೇ ಸಲದ ಗುಳಿಗೆಗಳಾದ್ದರಿಂದ ಊಟದ ಹೊತ್ತಿಗೆ ಹೊಂದುತ್ತವೆ. ಟಿಕಾಗ್ರೆಲಾರ್ ದಿನಕ್ಕೆ ಎರಡು ಸಲ ಬೇಕು. ರಾತ್ರಿ ಏನನ್ನೂ ಮುಟ್ಟದವರು ಇದನ್ನು ಡಾಕ್ಟರರಿಗೆ ಮೊದಲ ದಿನವೇ ಹೇಳಬೇಕು. ವ್ರತ ಸ್ವೀಕರಿಸುವಾಗಲೇ ಮುನಿಗಳಲ್ಲಿ ಅಥವಾ ಪಂಡಿತರಲ್ಲಿ ಕಾಯಿಲೆಯ ವಿಷಯ ತಿಳಿಸಿ, ಔಷಧಕ್ಕೂ ನೀರಿಗೂ ಅವಕಾಶ ಇಟ್ಟುಕೊಂಡೇ ವ್ರತ ಹಿಡಿಯಿರಿ. ಆಗ ವ್ರತಭಂಗದ ಭಯವೂ ಇರುವುದಿಲ್ಲ.

ಮನೆಯಲ್ಲಿ, ಹೊಲದಲ್ಲಿ

'ನಾವು ಶುದ್ಧ ಸಸ್ಯಾಹಾರಿಗಳು, ನಮಗೇಕೆ ಹೃದಯರೋಗ' ಎಂಬ ಸಮಾಧಾನ ನಂಬತಕ್ಕದ್ದಲ್ಲ. ವನಸ್ಪತಿಯಲ್ಲಿ ಕರಿದ ಶೇವು, ಭಜಿ, ಹಪ್ಪಳ, ಉಪ್ಪಿನಕಾಯಿ, ಹಬ್ಬದ ಸಿಹಿ ಇವೂ ಸಸ್ಯಾಹಾರವೇ. ನಮ್ಮ ಜೋಳದ ರೊಟ್ಟಿ, ಬೇಳೆ, ಮೊಳಕೆ ಕಾಳು, ಕಾಯಿಪಲ್ಲೆ ಬಹಳ ಒಳ್ಳೆಯ ಊಟ. ಶೇಂಗಾ ಚಟ್ನಿಯನ್ನು ಬಿಡಬೇಕಾಗಿಲ್ಲ, ಉಪ್ಪು ಕಡಿಮೆ ಮಾಡಿ, ಮೇಲೆ ಎಣ್ಣೆ ಸುರಿಯುವುದನ್ನು ಬಿಟ್ಟರೆ ಸಾಕು.

ತಂಬಾಕು, ಬೀಡಿ, ಮಾವಾ, ಗುಟ್ಕಾ ಇವುಗಳ ವಿಷಯದಲ್ಲಿ 'ಕಡಿಮೆ' ಎಂಬ ಮಾತಿಲ್ಲ, 'ಇಲ್ಲ' ಎಂಬ ಮಾತೊಂದೇ. ರಕ್ತನಾಳದ ಒಳಪೊರೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಡಿಸಿ ನಾಳವನ್ನು ಹಿಗ್ಗಿಸುತ್ತದೆ. ಇದನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹೊಗೆಸೊಪ್ಪಿನ ಹೊಗೆ ಈ ಪೊರೆಯನ್ನೇ ಕೆಡಿಸುತ್ತದೆ. ನಿತ್ಯದ ನಡಿಗೆ ಅದನ್ನು ಬಲಪಡಿಸುತ್ತದೆ. ಡಾಕ್ಟರರು ಒಪ್ಪಿದ ಮೇಲೆ ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ಅರ್ಧ ಗಂಟೆಗೆ ಏರಿಸಿ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಡೆಯ ಬೇಸಿಗೆಯಲ್ಲಿ ಸೂರ್ಯ ಏರುವ ಮುಂಚೆಯೇ ನಡೆದು ಮುಗಿಸಬೇಕು. ಹೊಲದ ಭಾರದ ಕೆಲಸ, ಪಂಪು ಎತ್ತುವುದು, ಚೀಲ ಹೊರುವುದು ಡಾಕ್ಟರರು ಹೇಳುವ ತನಕ ಬೇಡ.

ಮತ್ತೆ ಎದೆನೋವು ಬಂದರೆ

ಹೃದಯದ ಸ್ನಾಯುವಿಗೆ ರಕ್ತ ನಿಂತು ಅರ್ಧ ಗಂಟೆಯಾಗುತ್ತಲೇ ಅದು ಸಾಯಲು ಆರಂಭಿಸುತ್ತದೆ. ನಾಳ ತೆರೆದ ಮೇಲಿನ ಹರಿವು ಎಷ್ಟು ಚೆನ್ನಾಗಿರುತ್ತದೆಂಬುದೂ ಎಷ್ಟು ಬೇಗ ತೆರೆದರೆಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯ ತಿರುಳು ಇದೇ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೃದಯಾಘಾತವೆಂದು ಖಚಿತಪಡಿಸಿದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಮುಂದಿನ ಚಿಕಿತ್ಸೆಗೆ ಸಾಗಿಸುತ್ತಾರೆ. ದೂರವನ್ನು ಅಳಿಸಲಾಗದಿದ್ದರೂ ಕಾಲವನ್ನು ಉಳಿಸಬಹುದು ಎಂಬುದು ಅದರ ತತ್ವ.

ವಳಸಂಗದಂಥ ಊರಿಗೆ ಸೊಲ್ಲಾಪುರ ಒಂದು ಕಡೆ, ಅಕ್ಕಲಕೋಟ ಇನ್ನೊಂದು ಕಡೆ. ಎರಡೂ ಒಂದು ಗಂಟೆಯೊಳಗಿನ ದಾರಿ. ಅಷ್ಟು ಹತ್ತಿರವಿದ್ದೂ ಜನ ಕಾಲ ಕಳೆಯುವುದು ಮನೆಯಲ್ಲಿಯೇ. 'ಗ್ಯಾಸ್ ಆಗಿದೆ' ಎಂದು ಸೋಡಾ ಕುಡಿಸುವುದು, ಎದೆ ತಿಕ್ಕುವುದು, ಬೆಳಗಾಗಲಿ ನೋಡೋಣ ಎನ್ನುವುದು. ರಿಂಗ್ ಇದ್ದವರಿಗೆ ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡತೋಳಿಗೋ ದವಡೆಗೋ ಹರಿದರೆ ಅದು ಗ್ಯಾಸ್ ಅಲ್ಲವೆಂದೇ ತಿಳಿಯಬೇಕು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವಿಲ್ಲದೆ ಬರಿ ದಮ್ಮು, ತಲೆಸುತ್ತು, ವಿಪರೀತ ಸುಸ್ತು ಬರುವುದೂ ಉಂಟು. ಡಾಕ್ಟರರು ಕೊಟ್ಟ ಸಾರ್ಬಿಟ್ರೇಟ್ ಗುಳಿಗೆಯನ್ನು ಕುಳಿತುಕೊಂಡು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಅದಕ್ಕೆ ನೀರು ಬೇಕಾಗಿಲ್ಲ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ ಹೊರಡಬೇಕು. ರೋಗಿ ತಾನೇ ಮೋಟಾರ್ ಸೈಕಲ್ ನಡೆಸಿಕೊಂಡು ಹೋಗಬಾರದು.

ಗೋಡೆಗೆ ಅಂಟಿಸಬೇಕಾದ ಚೀಟಿ

ಮನೆಯ ಮಕ್ಕಳಿಂದ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸಿ, ಗುಳಿಗೆ ಡಬ್ಬಿ ಇಡುವ ಜಾಗದ ಮೇಲೆ ಅಂಟಿಸಿರಿ.

1. ಸ್ಟೆಂಟ್ ಹಾಕಿದ ದಿನಾಂಕ, ಎಷ್ಟು ಸ್ಟೆಂಟ್, ಎರಡು ಗುಳಿಗೆಗಳು ಯಾವ ತಿಂಗಳವರೆಗೆ.

2. ಉಪವಾಸವಿರಲಿ, ಪ್ರವಾಸವಿರಲಿ, ಮದುವೆಯಿರಲಿ, ಹೆಪ್ಪು ತಡೆಯುವ ಗುಳಿಗೆ ತಪ್ಪಿಸುವುದಿಲ್ಲ. ಡಬ್ಬಿಯಲ್ಲಿ ಏಳು ದಿನದ್ದು ಉಳಿದಾಗಲೇ ಹೊಸದು ತರುವುದು.

3. ಹಲ್ಲು, ಕಣ್ಣು, ಯಾವುದೇ ಶಸ್ತ್ರಕ್ರಿಯೆಗೆ ಮುಂಚೆ 'ನನಗೆ ಸ್ಟೆಂಟ್ ಇದೆ' ಎಂದು ಹೇಳುವುದು. ಸಾಮಾನ್ಯವಾಗಿ ಒಂದು ಹಲ್ಲು ಕೀಳಲು ಈ ಗುಳಿಗೆಗಳನ್ನು ನಿಲ್ಲಿಸಬೇಕಾಗಿಲ್ಲ, ರಕ್ತ ನಿಲ್ಲಿಸುವ ಉಪಾಯ ದಂತವೈದ್ಯರಲ್ಲಿದೆ.

4. ಸಕ್ಕರೆ, ಬಿ.ಪಿ., ಎಲ್‌ಡಿಎಲ್ ಕೊನೆಗೆ ಯಾವಾಗ ನೋಡಿಸಿದ್ದು, ಎಷ್ಟಿತ್ತು.

5. ಡಾಕ್ಟರರ ಫೋನ್ ನಂಬರು ಮತ್ತು 108.

ರೋಗಿಗಳ ಸೇವೆಯನ್ನು ನಮ್ಮ ಧರ್ಮದಲ್ಲಿ ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ್ದಾರೆ. ಹಿರಿಯರಿಗೆ ದಿನಾ ಹೊತ್ತಿಗೆ ಸರಿಯಾಗಿ ಗುಳಿಗೆಯನ್ನೂ ಒಂದು ಲೋಟ ನೀರನ್ನೂ ಕೈಗಿಡುವ ಸೊಸೆ, ಮಗ, ಮೊಮ್ಮಗಳು ಮಾಡುತ್ತಿರುವುದು ಅದೇ ತಪಸ್ಸು. ಆ ಗುಳಿಗೆಯನ್ನು ಬೇಡವೆನ್ನದೆ ತೆಗೆದುಕೊಳ್ಳುವುದು ಹಿರಿಯರ ಪಾಲಿನ ಕೆಲಸ. ಎರಡು ಗಂಟೆಯ ಚಿಕಿತ್ಸೆಯಲ್ಲಿ ವೈದ್ಯರು ತೆರೆದು ಕೊಟ್ಟ ದಾರಿಯನ್ನು ಮುಂದಿನ ಇಪ್ಪತ್ತು ವರ್ಷ ತೆರೆದಿಡುವ ಕೆಲಸ ಮನೆಯದು.